ಜಿನೋವಾದಲ್ಲಿ ಕಡಿಮೆ ದರದ ಹೋಟೆಲ್: ಕೋಣೆಗಿಂತ ಮೊದಲು ವಿಳಾಸ ನೋಡಿ

ಇಟಲಿಗೆ ಹೊರಡುವ ನಮ್ಮ ಕಡೆಯವರ ಪಟ್ಟಿಯಲ್ಲಿ ರೋಮ್, ವೆನಿಸ್, ಫ್ಲಾರೆನ್ಸ್ ತಪ್ಪದೆ ಇರುತ್ತವೆ. ಜಿನೋವಾ ಸೇರುವುದು ಅಪರೂಪ. ಆದರೂ ಮಿಲಾನ್ ಅಥವಾ ಟುರಿನ್‌ನಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಹುಬ್ಬಳ್ಳಿ-ಧಾರವಾಡದಿಂದ ಹೋಗುವ ತಂದೆ-ತಾಯಿಗಳು, ಸಾರ್ಡೀನಿಯಾ ಅಥವಾ ಸಿಸಿಲಿ ದ್ವೀಪಕ್ಕೆ ಹಡಗು ಹಿಡಿಯಬೇಕಾದವರು, ಕಡಲತೀರದ ಚಿಂಕ್ವೆ ತೆರ್ರೆಯ ಹಳ್ಳಿಗಳ ಕೋಣೆ ಬಾಡಿಗೆ ಕೈಗೆಟುಕದೆ ದಿನವೂ ರೈಲಿನಲ್ಲಿ ಹೋಗಿಬರಲು ಅಗ್ಗದ ನೆಲೆ ಹುಡುಕುವವರು ಒಂದೆರಡು ರಾತ್ರಿಯಾದರೂ ಈ ಬಂದರು ನಗರದಲ್ಲಿ ತಂಗುತ್ತಾರೆ. ಒಂದು ಅಥವಾ ಎರಡು ನಕ್ಷತ್ರದ ಹೋಟೆಲು, ಹಾಸ್ಟೆಲು, ಬಾಡಿಗೆ ಕೋಣೆಗಳಿಗೆ ಇಲ್ಲಿ ಕೊರತೆಯಿಲ್ಲ. ಆದರೆ ಒಂದೇ ದರದ ಎರಡು ಕೋಣೆಗಳ ನಡುವೆ ಅಜಗಜಾಂತರ ಇರಬಹುದು, ಮತ್ತು ಆ ಅಂತರ ಫೋಟೊದಲ್ಲಾಗಲಿ ನಕ್ಷತ್ರದ ಎಣಿಕೆಯಲ್ಲಾಗಲಿ ಕಾಣುವುದಿಲ್ಲ. ಬೀದಿಯ ಹೆಸರು, ಬಾಗಿಲಿನ ಸಂಖ್ಯೆ, ಮಹಡಿ, ಕಿಟಕಿ ಯಾವ ಕಡೆಗಿದೆ ಎಂಬ ವಿವರಗಳೇ ಅದನ್ನು ತಿಳಿಸುತ್ತವೆ. ಆದ್ದರಿಂದ ಬುಕ್ ಮಾಡುವ ಮೊದಲು ವಿಳಾಸವನ್ನು ಓದಲು ಕಲಿಯಬೇಕು.

ಇಲ್ಲಿನ ಅಗ್ಗದ ಹೋಟೆಲುಗಳ ಸ್ವರೂಪ ಅರ್ಥವಾಗಬೇಕಾದರೆ ನಗರದ ಇತಿಹಾಸದ ಒಂದು ತುಣುಕನ್ನು ತಿಳಿದಿರುವುದು ಒಳ್ಳೆಯದು. ಜಿನೋವಾ ಶತಮಾನಗಳ ಕಾಲ ಸ್ವತಂತ್ರ ಗಣರಾಜ್ಯವಾಗಿತ್ತು. ಅಲ್ಲಿ ರಾಜನೂ ಇರಲಿಲ್ಲ, ರಾಜಾತಿಥಿಗಳನ್ನು ಇಳಿಸಲು ಸರ್ಕಾರಿ ಅರಮನೆಯೂ ಇರಲಿಲ್ಲ. ಹಾಗಾಗಿ 1576ರಲ್ಲಿ ಅಲ್ಲಿನ ಸೆನೆಟ್ ಶ್ರೀಮಂತ ವ್ಯಾಪಾರಿ ಮನೆತನಗಳ ಅರಮನೆಗಳ ಅಧಿಕೃತ ಪಟ್ಟಿಯೊಂದನ್ನು ಮಾಡಿಸಿತು. ಗಾತ್ರ ಮತ್ತು ಅಂದಕ್ಕೆ ತಕ್ಕಂತೆ ಅರಮನೆಗಳನ್ನು ವರ್ಗಗಳಾಗಿ ವಿಂಗಡಿಸಿ, ಬಂದ ಅತಿಥಿಯ ಪದವಿಗೆ ಹೊಂದುವ ವರ್ಗದಿಂದ ಚೀಟಿ ಎತ್ತಿ, ಹೆಸರು ಬಂದ ಮನೆಯವರು ಅವರನ್ನು ಸತ್ಕರಿಸಬೇಕೆಂದು ವಿಧಿಸಲಾಗಿತ್ತು. ಹೋಟೆಲುಗಳಿಗೆ ನಕ್ಷತ್ರ ಕೊಡುವ ಇಂದಿನ ಪದ್ಧತಿಗೆ ನಾನೂರು ವರ್ಷ ಮೊದಲೇ ಈ ವ್ಯವಸ್ಥೆ ಇತ್ತೆಂಬುದು ಮೋಜಿನ ಸಂಗತಿ. ಆ ಪಟ್ಟಿಗಳಿಗೆ 'ರೊಲ್ಲಿ' ಎಂದು ಹೆಸರು. ಅವುಗಳಲ್ಲಿದ್ದ 42 ಅರಮನೆಗಳನ್ನು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಪಟ್ಟಿಗೆ ಸೇರಿದ ಮತ್ತು ಸೇರದ ಇಂಥ ಹಳೆಯ ದೊಡ್ಡ ಮನೆಗಳು ಕಾಲಾನಂತರದಲ್ಲಿ ಪಾಲಾಗಿ, ಒಂದೊಂದು ಮಹಡಿ ಒಬ್ಬೊಬ್ಬರ ಕೈಗೆ ಹೋಗಿ, ಇಂದು ಕೆಳಗೆ ಅಂಗಡಿ, ಮೇಲೆ ವಕೀಲರ ಕಚೇರಿ, ಅದರ ಮೇಲೆ ಹೋಟೆಲು, ತುದಿಯಲ್ಲಿ ಸಂಸಾರಗಳು ಎಂಬ ಸ್ಥಿತಿಗೆ ಬಂದಿವೆ. ನಮ್ಮಲ್ಲಿ ಲಾಡ್ಜ್ ಎಂದರೆ ಸಾಮಾನ್ಯವಾಗಿ ಇಡೀ ಕಟ್ಟಡ. ಅಲ್ಲಿ ಹೋಟೆಲೆಂದರೆ ಹಲವು ಬಾರಿ ಒಂದು ಮಹಡಿ ಅಥವಾ ಅರ್ಧ ಮಹಡಿ. ಚಿತ್ರ ಬರೆದ ಎತ್ತರದ ಛಾವಣಿಯ ಕೆಳಗೆ ಕಬ್ಬಿಣದ ಮಂಚ, ಪ್ಲೈವುಡ್ ಬೀರು ಇರುವ ಕೋಣೆ ಎರಡು ನಕ್ಷತ್ರದ ದರಕ್ಕೆ ಸಿಗುವುದು ಈ ಕಾರಣದಿಂದಲೇ.

ವಿಳಾಸ ಓದುವ ಬಗೆ

ಜಿನೋವಾ ಸಮುದ್ರ ಮತ್ತು ಗುಡ್ಡಗಳ ನಡುವೆ ಇಕ್ಕಟ್ಟಾಗಿ ಬೆಳೆದ ಊರು. ಬಂದರಿನಿಂದ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಏರು ಶುರುವಾಗುತ್ತದೆ. ಹೋಟೆಲಿನ ವಿಳಾಸ 'ವಿಯಾ' ಎಂದು ಆರಂಭವಾದರೆ ಅದು ಸಾಮಾನ್ಯ ರಸ್ತೆ, ಟ್ಯಾಕ್ಸಿ ಹೋಗುವ ಸಂಭವವಿದೆ. 'ವೀಕೋ' ಎಂದಿದ್ದರೆ ಅದು ಓಣಿ; ಎರಡು ಬದಿಗೆ ಆರೇಳು ಮಹಡಿಯ ಮನೆಗಳು, ನಡುವೆ ಇಬ್ಬರು ಎದುರುಬದುರಾದರೆ ಮೈ ಓರೆ ಮಾಡಬೇಕಾದಷ್ಟು ಜಾಗ, ವಾಹನದ ಮಾತೇ ಇಲ್ಲ. 'ಸಲೀತಾ' ಎಂದಿದ್ದರೆ ಏರುದಾರಿ, 'ಸ್ಕಲಿನಾತಾ' ಎಂದಿದ್ದರೆ ಮೆಟ್ಟಿಲ ಸಾಲು. ನಕ್ಷೆಯಲ್ಲಿ ನಿಲ್ದಾಣದಿಂದ ಮುನ್ನೂರು ಮೀಟರ್ ಎಂದು ತೋರಿಸುವ ಸಲೀತಾದ ಹೋಟೆಲಿಗೆ ಎರಡು ದೊಡ್ಡ ಸೂಟ್‌ಕೇಸುಗಳೊಂದಿಗೆ ಹೋಗುವುದಕ್ಕಿಂತ, ಒಂದು ಕಿಲೋಮೀಟರ್ ದೂರದ ಸಮತಟ್ಟಾದ ಬೀದಿಯ ಹೋಟೆಲೇ ಮೇಲು. ಮಂಡಿನೋವು ಇರುವ ಹಿರಿಯರು ಜೊತೆಗಿದ್ದರೆ ಈ ಒಂದು ಪದವನ್ನು ನೋಡಿಯೇ ಕೋಣೆ ಬೇಕೋ ಬೇಡವೋ ಎಂದು ತೀರ್ಮಾನಿಸಬಹುದು.

ಅನಂತರ ಬಾಗಿಲಿನ ಸಂಖ್ಯೆ. ಜಿನೋವಾದ ಬೀದಿಗಳಲ್ಲಿ ಎರಡು ಬಗೆಯ ಸಂಖ್ಯೆಗಳು ಒಟ್ಟಿಗೆ ಓಡುತ್ತವೆ: ಮನೆಗಳ ಮುಖ್ಯ ಬಾಗಿಲುಗಳಿಗೆ ಕಪ್ಪು, ಅಂಗಡಿ-ಮುಂಗಟ್ಟುಗಳಿಗೆ ಕೆಂಪು. ಕಪ್ಪು 12ಕ್ಕೂ ಕೆಂಪು 12ಕ್ಕೂ ಯಾವ ಸಂಬಂಧವೂ ಇಲ್ಲ, ಎರಡರ ನಡುವೆ ಅರ್ಧ ಬೀದಿಯಷ್ಟು ಅಂತರ ಇರಬಹುದು. ವಿಳಾಸದಲ್ಲಿ ಸಂಖ್ಯೆಯ ಕೊನೆಗೆ 'ಆರ್' ಅಕ್ಷರವಿದ್ದರೆ ಅದು ಕೆಂಪು ಸಂಖ್ಯೆ. ಮೇಲ್ಮಹಡಿಯ ಹೋಟೆಲಾದರೆ ಬಹುತೇಕ ಕಪ್ಪು ಸಂಖ್ಯೆಯನ್ನೇ ಹುಡುಕಬೇಕು. ಓಣಿಗಳಲ್ಲಿ ಆಕಾಶ ಕಾಣುವುದೇ ಒಂದು ಗೇಣು, ಹಾಗಾಗಿ ಮೊಬೈಲಿನ ನಕ್ಷೆ ನಿಮ್ಮನ್ನು ಪಕ್ಕದ ಓಣಿಯಲ್ಲಿ ನಿಲ್ಲಿಸಿ 'ತಲುಪಿದಿರಿ' ಎನ್ನುವುದು ಸಾಮಾನ್ಯ. ಹೋಟೆಲಿಗೆ ಮೊದಲೇ ಬರೆದು, ಹತ್ತಿರದ ಚೌಕ ಅಥವಾ ಚರ್ಚಿನ ಹೆಸರು ಕೇಳಿ, ಬಾಗಿಲಿನ ಫೋಟೊ ತರಿಸಿಕೊಂಡು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯದು ನೋಂದಣಿ ಸಂಖ್ಯೆ. 2025ರ ಜನವರಿ 1ರಿಂದ ಇಟಲಿಯ ಹೋಟೆಲು, ಬಿ ಆಂಡ್ ಬಿ (ಕೋಣೆಯ ಜೊತೆ ಬೆಳಗಿನ ಉಪಾಹಾರ ಕೊಡುವ ಮನೆ), ಪ್ರವಾಸಿಗರ ಬಾಡಿಗೆ ಮನೆಗಳೆಲ್ಲವೂ ರಾಷ್ಟ್ರೀಯ ಗುರುತಿನ ಸಂಖ್ಯೆ ಪಡೆದು ಅದನ್ನು ಜಾಹೀರಾತಿನಲ್ಲಿಯೂ ಕಟ್ಟಡದ ಬಾಗಿಲಲ್ಲಿಯೂ ತೋರಿಸುವುದು ಕಡ್ಡಾಯವಾಗಿದೆ. ಅಲ್ಲಿ ಅದನ್ನು ಸಿ.ಐ.ಎನ್. ಎನ್ನುತ್ತಾರೆ. ಐ.ಟಿ. ಎಂಬ ಎರಡು ಅಕ್ಷರಗಳ ನಂತರ ಆ ಊರಿನ ಸಂಕೇತ ಬರುತ್ತದೆ, ಜಿನೋವಾ ನಗರದ್ದು 010025. ಜಾಹೀರಾತಿನಲ್ಲಿ ಈ ಸಂಖ್ಯೆಯೇ ಇಲ್ಲದಿದ್ದರೆ, ಅಥವಾ ಕೋಣೆ ನಗರದ ನಡುವೆ ಇದೆ ಎಂದು ಹೇಳಿ ಸಂಕೇತ ಮಾತ್ರ ಬೇರೆ ಊರಿನದಾಗಿದ್ದರೆ, ಆ ಕೋಣೆಯನ್ನು ಬಿಟ್ಟು ಮುಂದೆ ನೋಡಿ.

ಯಾವ ಭಾಗದಲ್ಲಿ ಇಳಿಯಬೇಕು

ನಗರಕ್ಕೆ ಎರಡು ಮುಖ್ಯ ರೈಲು ನಿಲ್ದಾಣಗಳಿವೆ. ಟಿಕೆಟಿನಲ್ಲಿ, ಫಲಕದಲ್ಲಿ ಊರಿನ ಹೆಸರು 'ಜೆನೊವಾ' ಎಂದು ಇರುತ್ತದೆ. ಪಶ್ಚಿಮದ ನಿಲ್ದಾಣ ಪಿಯಾಝಾ ಪ್ರಿನ್ಚಿಪೆ, ಪೂರ್ವದ್ದು ಬ್ರಿನ್ಯೋಲೆ. ಮಿಲಾನಿನ ಚೆಂತ್ರಾಲೆ ನಿಲ್ದಾಣದಿಂದ ಹೊರಟ ರೈಲು ಒಂದೂವರೆಯಿಂದ ಎರಡು ಗಂಟೆಯಲ್ಲಿ ಪ್ರಿನ್ಚಿಪೆ ತಲುಪುತ್ತದೆ. ಎರಡೂ ನಿಲ್ದಾಣಗಳ ಸುತ್ತ ಅಗ್ಗದ ಹೋಟೆಲುಗಳಿವೆ, ಎರಡನ್ನೂ ಮೆಟ್ರೊ ಜೋಡಿಸುತ್ತದೆ.

ಮೊದಲ ಸಲ ಹೋಗುವ ಕುಟುಂಬಕ್ಕೆ ಪ್ರಿನ್ಚಿಪೆಯಿಂದ ಹಳೆಯ ಊರಿನತ್ತ ಇಳಿಯುವ ವಿಯಾ ಬಾಲ್ಬಿ ಅನುಕೂಲವಾದ ಜಾಗವೆಂದು ನನ್ನ ಅಭಿಪ್ರಾಯ. ವಿಶ್ವವಿದ್ಯಾಲಯದ ಕಟ್ಟಡಗಳೂ, ಗಣರಾಜ್ಯದ ಕಾಲ ಮುಗಿದ ಮೇಲೆ ರಾಜಮನೆಯಾದ ಅರಮನೆಯೂ ಇದೇ ಬೀದಿಯಲ್ಲಿವೆ. ಹಗಲೆಲ್ಲ ವಿದ್ಯಾರ್ಥಿಗಳ ಓಡಾಟ, ರಾತ್ರಿ ಬೀದಿದೀಪಗಳ ಬೆಳಕು ಇರುತ್ತದೆ. ಇದಕ್ಕೆ ಸಮಾನಾಂತರವಾಗಿ ಕೆಳಗೆ ಬಂದರಿನ ಕಡೆ ಹೋಗುವ ವಿಯಾ ಪ್ರೆ ಎಂಬ ಹಳೆಯ ಓಣಿಯಲ್ಲಿ ಕೋಣೆ ಇನ್ನೂ ಅಗ್ಗ, ಹಗಲಿನಲ್ಲಿ ಹಲವು ದೇಶಗಳ ದಿನಸಿ ಅಂಗಡಿಗಳಿಂದ ಗಿಜಿಗುಡುತ್ತದೆ. ಆದರೆ ರಾತ್ರಿ ತಡವಾಗಿ ಅಲ್ಲಿ ಸುತ್ತಾಡುವುದು ಹಿತವೆನಿಸುವುದಿಲ್ಲ. ಅರಮನೆಗಳ ಸಾಲಾದ ವಿಯಾ ಗರಿಬಾಲ್ಡಿಯ ಬೆನ್ನಿಗೇ ಇರುವ ಮದ್ದಲೇನಾ ಓಣಿಗಳೂ ಅಷ್ಟೆ: ಹತ್ತು ಹೆಜ್ಜೆಯ ಅಂತರದಲ್ಲಿ ವೈಭವ ಮುಗಿದು ವೇಶ್ಯಾವಾಟಿಕೆ ಶುರುವಾಗುತ್ತದೆ. ಪಿಯಾಝಾ ದೆಲ್ಲೆ ಎರ್ಬೆ ಎಂಬ ಚೌಕದ ಸುತ್ತ ಅಂಥ ತೊಂದರೆಯಿಲ್ಲ, ಆದರೆ ಅದು ಯುವಕರು ಕುಡಿದು ಹರಟುವ ಜಾಗವಾದ್ದರಿಂದ ಮಧ್ಯರಾತ್ರಿಯವರೆಗೆ ನಿದ್ದೆಯ ಆಸೆ ಬಿಡಬೇಕು. ಬಂದರಿಗೆ ಮುಖ ಮಾಡಿದ ಕೋಣೆ ಎಂದೊಡನೆ ಮನಸ್ಸು ಕುಣಿಯಬಹುದು. ಹಳೆಯ ಊರಿಗೂ ಬಂದರಿಗೂ ನಡುವೆ 1965ರಲ್ಲಿ ಕಟ್ಟಿದ ಎತ್ತರದ ವಾಹನ ಸೇತುವೆಯೊಂದು ಹಾದುಹೋಗುತ್ತದೆ, ಎರಡನೆಯ-ಮೂರನೆಯ ಮಹಡಿಯ ಕಿಟಕಿಯ ಎದುರಿಗೆ ಸಮುದ್ರದ ಬದಲು ಅದರ ಮೇಲಿನ ಕಾರುಗಳು ಕಾಣಿಸಿಕೊಳ್ಳುವ ಸಾಧ್ಯತೆಯಿದೆ. ಒಳ ಅಂಗಳದ ಕಡೆಯ ಕೋಣೆಯಲ್ಲಿ ನೋಟವಿಲ್ಲ, ಆದರೆ ಸದ್ದೂ ಇಲ್ಲ.

ಬ್ರಿನ್ಯೋಲೆಯ ಕಡೆ ಬೀದಿಗಳು ಅಗಲ, ಕಟ್ಟಡಗಳು ಹೊಸವು, ನಡೆದಾಡಲು ಸುಲಭ. ಬೆಳಗಿನ ರೈಲಿನಲ್ಲಿ ಕಮೋಲಿ, ಚಿಂಕ್ವೆ ತೆರ್ರೆಯತ್ತ ಹೋಗುವವರಿಗೆ ಇದು ಸೂಕ್ತ. ಆದರೆ ಅಕ್ಟೋಬರ್-ನವೆಂಬರಿನಲ್ಲಿ ಹೋಗುವವರು ಒಂದು ವಿಷಯ ತಿಳಿದಿರಬೇಕು. ಈ ಭಾಗದ ಅಡಿಯಲ್ಲಿ ಬಿಸಾನ್ಯೊ ನದಿ ಮುಚ್ಚಿದ ಕಾಲುವೆಯೊಳಗೆ ಹರಿಯುತ್ತದೆ. ಗುಡ್ಡಗಳ ಮೇಲೆ ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ಇಲ್ಲಿಗೆ ನುಗ್ಗುತ್ತದೆ. 2011ರ ನವೆಂಬರಿನಲ್ಲಿಯೂ 2014ರ ಅಕ್ಟೋಬರಿನಲ್ಲಿಯೂ ನಗರದಲ್ಲಿ ಪ್ರಾಣಹಾನಿಯ ಪ್ರವಾಹ ಬಂದಿತ್ತು. ಮಳೆಯ ಎಚ್ಚರಿಕೆಯನ್ನು ಹಳದಿ, ಕಿತ್ತಳೆ, ಕೆಂಪು ಎಂದು ಹೊರಡಿಸುತ್ತಾರೆ. ಕೆಂಪು ಎಚ್ಚರಿಕೆಯಿದ್ದ ದಿನ ತಿರುಗಾಟ ಬಿಟ್ಟು ಮೇಲಿನ ಮಹಡಿಯ ಕೋಣೆಯಲ್ಲಿಯೇ ಇರುವುದು ಲೇಸು, ನೆಲಮಾಳಿಗೆಗೆ ಅಥವಾ ಸುರಂಗದಾರಿಗೆ ಇಳಿಯಲೇಬಾರದು.

ಬುಕಿಂಗ್, ವೀಸಾ, ಹಣ

ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾದ ಅರ್ಜಿಗೆ ತಂಗುವ ಜಾಗದ ದಾಖಲೆ ಬೇಕೇ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹದಿನೈದು ದಿನ ಮೊದಲಿನವರೆಗೆ ಸಲ್ಲಿಸಬಹುದು. ಬೆರಳಚ್ಚು ಕೊಡಲು ಸ್ವತಃ ಬೆಂಗಳೂರಿನ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಶುಲ್ಕ ವಯಸ್ಕರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ, ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆಯೂ ಕಡ್ಡಾಯ. ವೀಸಾ ಕೈಗೆ ಬರುವ ತನಕ ಉಚಿತ ರದ್ದತಿ ಇರುವ ಕೋಣೆಯನ್ನೇ ಹಿಡಿಯಿರಿ, ನಾಲ್ಕಾರು ಯೂರೊ ಹೆಚ್ಚಾದರೂ ಚಿಂತೆಯಿಲ್ಲ. ರದ್ದತಿಯ ಗಡುವನ್ನು ಇಟಲಿಯ ಸಮಯದಲ್ಲಿ ಲೆಕ್ಕ ಹಾಕಬೇಕು. ಅದು ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಸೆಪ್ಟೆಂಬರಿನಲ್ಲಿ ನಡೆಯುವ ದೋಣಿ ಪ್ರದರ್ಶನದ ವಾರದಲ್ಲಿ ಕೋಣೆಗಳ ದರ ಗಗನಕ್ಕೇರುವುದರಿಂದ ಆ ದಿನಗಳನ್ನು ತಪ್ಪಿಸಬೇಕು.

ಕೋಣೆಯ ವಿವರಣೆಯಲ್ಲಿ ಎರಡು ಕಡೆ ಗಮನ ಬೇಕು. 'ಮತ್ರಿಮೊನಿಯಾಲೆ' ಎಂದರೆ ದಂಪತಿಗಳಿಗೆ ಒಂದೇ ದೊಡ್ಡ ಹಾಸಿಗೆ. ಇಬ್ಬರು ಗೆಳೆಯರು, ತಂದೆ-ಮಗಳು, ಅಣ್ಣ-ತಮ್ಮಂದಿರು ಹೋಗುವುದಾದರೆ 'ಲೆತ್ತಿ ಸೆಪರಾತಿ', ಅಂದರೆ ಬೇರೆ ಬೇರೆ ಮಂಚಗಳು ಬೇಕೆಂದು ಬರೆದು ತಿಳಿಸಬೇಕು. ಸ್ನಾನದ ಮನೆಯ ವಿಷಯದಲ್ಲಿ ಮೂರು ಸಾಧ್ಯತೆಗಳಿವೆ. ಕೋಣೆಯೊಳಗೇ ಇರಬಹುದು, ಹಜಾರದಲ್ಲಿ ಎಲ್ಲರಿಗೂ ಸೇರಿ ಒಂದಿರಬಹುದು, ಅಥವಾ ನಿಮಗೊಬ್ಬರಿಗೇ ಮೀಸಲಾಗಿದ್ದೂ ಕೋಣೆಯ ಹೊರಗೆ ಇರಬಹುದು. ಈ ಮೂರನೆಯದನ್ನು ಜಾಹೀರಾತಿನಲ್ಲಿ 'ಖಾಸಗಿ' ಎಂದಷ್ಟೇ ದೊಡ್ಡ ಅಕ್ಷರದಲ್ಲಿ ಬರೆದು, 'ಎಸ್ತೆರ್ನೊ' ಎಂಬುದನ್ನು ಮೂಲೆಯಲ್ಲಿ ಸೇರಿಸಿರುತ್ತಾರೆ. ರಾತ್ರಿ ಎರಡು-ಮೂರು ಸಲ ಏಳಬೇಕಾಗುವ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ.

ಕೋಣೆ ಬಾಡಿಗೆಯ ಹೊರತಾಗಿ ನಗರ ತೆರಿಗೆಯೊಂದಿದೆ. ಪ್ರತಿ ವ್ಯಕ್ತಿಗೆ, ಪ್ರತಿ ರಾತ್ರಿಗೆ, ಹೋಟೆಲಿನ ದರ್ಜೆಗೆ ತಕ್ಕಂತೆ ಕೆಲವು ಯೂರೊ. ನಿಗದಿತ ಸಂಖ್ಯೆಯ ರಾತ್ರಿಗಳು ಮುಗಿದ ಮೇಲೆ ಕೊಡಬೇಕಿಲ್ಲ. ಆನ್‌ಲೈನಿನಲ್ಲಿ ಪೂರ್ತಿ ಹಣ ಕಟ್ಟಿದ್ದರೂ ಇದನ್ನು ಕೌಂಟರಿನಲ್ಲಿ ಕೇಳುತ್ತಾರೆ, ಸಣ್ಣ ಹೋಟೆಲುಗಳಲ್ಲಿ ನಗದನ್ನೇ ಬಯಸುತ್ತಾರೆ. ಇದು ಮೋಸವಲ್ಲ, ಆದರೆ ರಸೀದಿ ಪಡೆಯುವುದು ನಿಮ್ಮ ಹಕ್ಕು. ಕಾರ್ಡ್ ಯಂತ್ರ 'ರೂಪಾಯಿಯಲ್ಲಿ ಪಾವತಿಸುವಿರಾ, ಯೂರೊದಲ್ಲಿಯೋ' ಎಂದು ಕೇಳಿದರೆ ಯೂರೊ ಎಂದೇ ಒತ್ತಬೇಕು. ರೂಪಾಯಿ ಒತ್ತಿದರೆ ಯಂತ್ರದವರು ತಮ್ಮದೇ ವಿನಿಮಯ ದರ ಹಾಕಿ ಹೆಚ್ಚು ಕತ್ತರಿಸುತ್ತಾರೆ.

ಬೀದಿ ಬಾಗಿಲಿನಿಂದ ಕೋಣೆಯವರೆಗೆ

ಸಾಧ್ಯವಾದರೆ ಹಗಲು ಬೆಳಕಿನಲ್ಲಿ ತಲುಪುವಂತೆ ರೈಲು ಆರಿಸಿಕೊಳ್ಳಿ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲವಾದರೆ ಟಿಕೆಟ್ ಇದ್ದರೂ ದಂಡ ಬೀಳುತ್ತದೆ. ಸಣ್ಣ ಹೋಟೆಲುಗಳಲ್ಲಿ ಇಡೀ ರಾತ್ರಿ ಕೌಂಟರಿನಲ್ಲಿ ಜನ ಇರುವುದಿಲ್ಲ. ಮಿಲಾನಿನ ಮಲ್ಪೆನ್ಸಾ ವಿಮಾನ ನಿಲ್ದಾಣದಲ್ಲಿ ಸಂಜೆ ಇಳಿದವರು ಜಿನೋವಾ ಮುಟ್ಟುವಷ್ಟರಲ್ಲಿ ನಡುರಾತ್ರಿ ಸಮೀಪಿಸಿರುತ್ತದೆ. ಹಾಗಾಗಿ ಬರುವ ಸಮಯವನ್ನು ಮೊದಲೇ ತಿಳಿಸಿ, ಅವರಿಂದ ಒಪ್ಪಿಗೆಯ ಉತ್ತರ ಪಡೆದಿರಬೇಕು.

ಬೀದಿ ಬಾಗಿಲು ಮುಚ್ಚಿರುವುದನ್ನು ನೋಡಿ ಹೋಟೆಲೇ ಮುಚ್ಚಿದೆ ಎಂದು ಹಿಂದಿರುಗಬೇಡಿ. ಪಕ್ಕದ ಗೋಡೆಯಲ್ಲಿ ಹಿತ್ತಾಳೆಯ ಫಲಕ, ಅದರಲ್ಲಿ ಸಾಲುಸಾಲು ಗುಂಡಿಗಳು, ಪ್ರತಿಯೊಂದರ ಪಕ್ಕ ಹೆಸರು ಇರುತ್ತದೆ. ಹೋಟೆಲಿನ ಹೆಸರಿರುವ ಗುಂಡಿ ಒತ್ತಿ, ಉತ್ತರ ಬಂದ ಮೇಲೆ ನಿಮ್ಮ ಹೆಸರು ಹೇಳಿದರೆ 'ಟಕ್' ಎಂದು ಬೀಗ ಸಡಿಲವಾಗುತ್ತದೆ, ಅದೇ ಕ್ಷಣದಲ್ಲಿ ಬಾಗಿಲನ್ನು ತಳ್ಳಬೇಕು. ಒಳಗಿನ ಲಿಫ್ಟ್ ಮೆಟ್ಟಿಲ ಸುರುಳಿಯ ನಡುವೆ ಆಮೇಲೆ ತುರುಕಿದ್ದು, ಇಬ್ಬರು ನಿಂತರೆ ಸೂಟ್‌ಕೇಸಿಗೆ ಜಾಗವಿಲ್ಲ. ಅದಕ್ಕೆ ಹೊರಗೊಂದು ಕಬ್ಬಿಣದ ಬಾಗಿಲು, ಒಳಗೆ ಎರಡು ಪುಟ್ಟ ರೆಕ್ಕೆಬಾಗಿಲು. ಮೂರನ್ನೂ ಕೈಯಿಂದ ಸರಿಯಾಗಿ ಮುಚ್ಚದಿದ್ದರೆ ಅದು ಅಲುಗುವುದಿಲ್ಲ. ಇಳಿದ ಮೇಲೆಯೂ ಮುಚ್ಚಿಯೇ ಹೋಗಬೇಕು, ಇಲ್ಲವಾದರೆ ಬೇರೆ ಮಹಡಿಯವರು ಕರೆದಾಗ ಲಿಫ್ಟ್ ಹೋಗದೆ, ನಾಲ್ಕನೆಯ ಮಹಡಿಯ ಅಜ್ಜಿ ಮೆಟ್ಟಿಲಲ್ಲಿ ನಿಂತು ಕೂಗಾಡುವುದನ್ನು ಕೇಳಬೇಕಾಗುತ್ತದೆ. ಮನೆಗಳಿರುವ ಕಟ್ಟಡದಲ್ಲಿ ನೀವು ಅತಿಥಿಗಳು ಎಂಬುದು ನೆನಪಿರಲಿ. ಎದುರಾದವರಿಗೆ ಬೆಳಗಿನಲ್ಲಿ 'ಬೊಂಜೊರ್ನೊ', ಸಂಜೆ 'ಬೊನಾಸೇರಾ' ಎನ್ನುವುದು ಅಲ್ಲಿನ ಕನಿಷ್ಠ ಸೌಜನ್ಯ.

ಕೌಂಟರಿನಲ್ಲಿ ಮಕ್ಕಳೂ ಸೇರಿದಂತೆ ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ. ತಂಗಿದವರ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಆನ್‌ಲೈನಿನಲ್ಲಿ ಕಳುಹಿಸುವುದು ಇಟಲಿಯ ಕಾನೂನು, ಆದ್ದರಿಂದ ಆತಂಕ ಬೇಡ. ವಿವರ ಬರೆದುಕೊಂಡ ಮೇಲೆ ಪಾಸ್‌ಪೋರ್ಟ್ ವಾಪಸ್ ಪಡೆಯಿರಿ, ಹೊರಡುವ ದಿನದವರೆಗೆ ಅಲ್ಲಿ ಬಿಡುವ ಅಗತ್ಯವಿಲ್ಲ. ಅನಂತರ ಕೈಗೆ ಬರುವುದು ಬೀಗದಕೈ ಗೊಂಚಲು: ಒಂದು ಬೀದಿ ಬಾಗಿಲಿಗೆ, ಒಂದು ಹೋಟೆಲಿನ ಬಾಗಿಲಿಗೆ, ಒಂದು ಕೋಣೆಗೆ. ಕೌಂಟರಿನವರು ಎದುರಿಗಿದ್ದಾಗಲೇ ಮೂರನ್ನೂ ಒಮ್ಮೆ ತಿರುಗಿಸಿ ನೋಡಿ. ಹಳೆಯ ಬೀಗಗಳು ಎರಡು-ಮೂರು ಸುತ್ತು ಬಯಸುತ್ತವೆ, ರಾತ್ರಿ ಹನ್ನೊಂದಕ್ಕೆ ಓಣಿಯಲ್ಲಿ ನಿಂತು ಅದನ್ನು ಕಲಿಯುವುದು ಬೇಡ.

ಕೋಣೆಯ ಕಿಟಕಿಗೆ ಹಸಿರು ಬಣ್ಣದ ಮರದ ಪಟ್ಟಿಗಳ ಬಾಗಿಲುಗಳಿರುತ್ತವೆ. ಜಿನೋವಾದ ಮಾದರಿಯಲ್ಲಿ ಅವುಗಳ ಕೆಳಭಾಗದ ಒಂದು ತುಂಡು ಬೇರೆಯಾಗಿ ಹೊರಕ್ಕೆ ಚಾಚಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ಕಿಟಕಿ ಮುಚ್ಚಿ ಈ ತುಂಡನ್ನಷ್ಟೇ ಹೊರಗೆ ತಳ್ಳಿದರೆ ಬಿಸಿಲು ಬಾರದೆ ಗಾಳಿ ಮಾತ್ರ ಒಳಬರುತ್ತದೆ, ಕೆಳಗಿನ ಬೀದಿಯೂ ಕಾಣುತ್ತದೆ. ಏ.ಸಿ. ಇಲ್ಲದ ಅಗ್ಗದ ಕೋಣೆಯಲ್ಲಿ ಜುಲೈ-ಆಗಸ್ಟನ್ನು ಕಳೆಯಲು ಊರಿನವರು ಕಂಡುಕೊಂಡ ಉಪಾಯವಿದು. ಫ್ಯಾನ್ ಇದೆಯೇ ಎಂದು ಮೊದಲೇ ಕೇಳಿಕೊಂಡರೆ ಇನ್ನೂ ಒಳ್ಳೆಯದು. ಚಳಿಗಾಲದ ಸಂಗತಿ ಬೇರೆ. ಜಿನೋವಾ ಇರುವ ಹವಾಮಾನ ವಲಯದ ವಸತಿ ಕಟ್ಟಡಗಳಲ್ಲಿ ಹೀಟರ್ ಉರಿಸುವುದಕ್ಕೆ ಕಾನೂನು ಗೊತ್ತುಮಾಡಿದ ಅವಧಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ಅದೂ ದಿನಕ್ಕೆ 12 ಗಂಟೆ. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇರುವ ಕಡೆ ಹೋಟೆಲಿನ ಮಹಡಿಯೂ ಆ ವೇಳೆಗೇ ಒಗ್ಗಿಕೊಳ್ಳಬೇಕಾಗುತ್ತದೆ. ಅಕ್ಟೋಬರಿನ ಕೊನೆಗೆ ಹೋಗುವವರು ಮೊದಲ ಸಂಜೆಯೇ ಇನ್ನೊಂದು ಕಂಬಳಿ ಕೇಳಿ ಇಟ್ಟುಕೊಳ್ಳಲಿ.

ಸ್ನಾನದ ಮನೆಯಲ್ಲಿ ಬಕೆಟ್, ಮಗ್ ಇರುವುದಿಲ್ಲ. ನಿಂತರೆ ಮೊಣಕೈ ತಾಗುವಷ್ಟು ಕಿರಿದಾದ ಗಾಜಿನ ಗೂಡಿನಲ್ಲಿ ಶವರ್ ಇರುತ್ತದೆ. ಅದರ ಪಕ್ಕದ ಗೋಡೆಯಲ್ಲಿ ಮೇಲಿನಿಂದ ತೆಳ್ಳನೆಯ ದಾರವೊಂದು ಇಳಿಬಿದ್ದಿರುತ್ತದೆ, ತುದಿಗೊಂದು ಪ್ಲಾಸ್ಟಿಕ್ ಗುಂಡು. ದೀಪದ ಸ್ವಿಚ್ ಎಂದು ಎಳೆಯುವವರು, ಒದ್ದೆ ಟವೆಲ್ ಹರವುವವರು ನಮ್ಮವರಲ್ಲಿ ಬಹಳ. ಅದು ಜಾರಿ ಬಿದ್ದವರು ಸಹಾಯಕ್ಕೆ ಕರೆಯುವ ಗಂಟೆ. ಎಳೆದೊಡನೆ ಕೌಂಟರಿನಲ್ಲಿ ಬಾರಿಸುತ್ತದೆ, ಯಾರಾದರೂ ಓಡಿ ಬಂದು ಬಾಗಿಲು ಬಡಿಯುತ್ತಾರೆ. ಮನೆಯ ಹಿರಿಯರಿಗೆ ಇದನ್ನು ಮುಂಚೆಯೇ ತೋರಿಸಿ, ಯಾವಾಗ ಎಳೆಯಬೇಕು ಎಂಬುದನ್ನೂ ಹೇಳಿಡಿ. ಶೌಚದ ಪಕ್ಕ ಅದೇ ಎತ್ತರದ ಇನ್ನೊಂದು ಪಿಂಗಾಣಿ ಬೋಗುಣಿ ಇರುವುದು ಬಿಡೇ. ತೊಳೆದುಕೊಳ್ಳುವುದಕ್ಕೆಂದೇ ಇರುವ ಸಾಧನವಾದ್ದರಿಂದ, ಯುರೋಪಿನಲ್ಲಿ ಎಲ್ಲೆಡೆ ಬರೀ ಕಾಗದ ಎಂದು ಹೆದರಿದವರಿಗೆ ಇಟಲಿ ಸಮಾಧಾನ ಕೊಡುತ್ತದೆ. ಇಟಲಿಯ ಮನೆಗಳಲ್ಲಿ ಬಿಡೇ ಇರಬೇಕೆಂದು 1975ರ ಸರ್ಕಾರಿ ಆದೇಶವೇ ಇದೆ. ಆದರೂ ಕೈಚೀಲದಲ್ಲಿ ಹಗುರವಾದ ತಂಬಿಗೆಯೊಂದು ಇದ್ದರೆ ಹಜಾರದ ಸಾಮಾನ್ಯ ಸ್ನಾನದ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್. ಎರಡು ಕಡ್ಡಿಯ ಮೊಬೈಲ್ ಚಾರ್ಜರ್ ನೇರವಾಗಿ ಕೂರುತ್ತದೆ. ಮೂರು ದಪ್ಪ ಕಡ್ಡಿಯ ಪ್ಲಗ್ ಕೂರುವುದಿಲ್ಲ, ಲ್ಯಾಪ್‌ಟಾಪ್ ಒಯ್ಯುವವರು ಅಡಾಪ್ಟರ್ ಕೊಂಡುಕೊಳ್ಳಬೇಕು.

ಊಟದ ವಿಚಾರ

ಹೊರಡುವಾಗ ಚೀಲಕ್ಕೆ ಧಾರವಾಡ ಪೇಡಾ ಹಾಕುವ ಆಸೆ ಸಹಜ, ಆದರೆ ಅದನ್ನು ಬಿಡಬೇಕು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದು ನಿಷಿದ್ಧ. ಪೇಡಾ, ತುಪ್ಪ, ಕುಂದಾ ಯಾವುದೂ ನಡೆಯದು, ಸುಂಕದವರು ಕಂಡರೆ ತೆಗೆದು ಹಾಕುತ್ತಾರೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಗುರೆಳ್ಳು ಪುಡಿಗಳಿಗೆ ಅಡ್ಡಿಯಿಲ್ಲ. ಅಗ್ಗದ ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಇರುವುದು ಅಪರೂಪ, ಅಡುಗೆ ಮಾಡುವಂತೆಯೂ ಇಲ್ಲ. ಹಾಗಾಗಿ ಒಲೆ ಬೇಡದ ರೊಟ್ಟಿ-ಚಟ್ನಿಯೇ ನಿಜವಾದ ಆಪತ್ಬಾಂಧವ. ಅಲ್ಲಿನ ಅಂಗಡಿಯಿಂದ ಒಂದು ಡಬ್ಬಿ ಮೊಸರು ತಂದರೆ ರಾತ್ರಿಯ ಊಟ ಮುಗಿಯಿತು. ನಲ್ಲಿ ನೀರು ಕುಡಿಯಲು ಯೋಗ್ಯ.

ಇನ್ನು ಹೊರಗಿನ ತಿನಿಸು. ಸಸ್ಯಾಹಾರಿಗಳಿಗೆ ಜಿನೋವಾದಷ್ಟು ಅನುಕೂಲವಾದ ಬಂದರು ನಗರ ಇನ್ನೊಂದು ಇದೆಯೋ ಇಲ್ಲವೋ. ಇಲ್ಲಿನ ಬಡವರ ತಿಂಡಿಯಾದ ಫರಿನಾತಾ ಎಂದರೆ ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಸೇರಿಸಿ, ಅಗಲವಾದ ತಾಮ್ರದ ತಟ್ಟೆಯಲ್ಲಿ ಹುಯ್ದು, ಕಟ್ಟಿಗೆಯ ಒಲೆಯಲ್ಲಿ ಬೇಯಿಸಿದ್ದು. ಮೇಲೆ ಗರಿಗರಿ, ಒಳಗೆ ಮೆತ್ತಗೆ. ಮೊದಲ ತುತ್ತಿಗೇ ಒಗ್ಗರಣೆ ಮರೆತ ಝುಣಕದ ವಡಿಯಂತೆ ಅನ್ನಿಸುತ್ತದೆ, ಚೀಲದ ಶೇಂಗಾ ಪುಡಿ ಉದುರಿಸಿದರೆ ಆ ಮರೆವೂ ತುಂಬಿಕೊಳ್ಳುತ್ತದೆ. ಕೆಲವೆಡೆ ಅದರೊಳಗೆ ಸಣ್ಣ ಮೀನು ಹಾಕುತ್ತಾರಾದ್ದರಿಂದ 'ಸೆಂಪ್ಲಿಚೆ', ಅಂದರೆ ಸಾದಾ ಎಂದು ಕೇಳಿ. ಆಲಿವ್ ಎಣ್ಣೆಯಲ್ಲಿ ಮಿಂದ ಫೊಕಾಚ್ಚಾ ರೊಟ್ಟಿಯನ್ನು ಬೇಕರಿಯಲ್ಲಿ ತೂಕದ ಮೇಲೆ ಮಾರುತ್ತಾರೆ. 'ಎತ್ತೊ' ಎಂದರೆ ನೂರು ಗ್ರಾಂ. ಊರಿನವರು ಬೆಳಿಗ್ಗೆ ಅದನ್ನೇ ಹಾಲು-ಕಾಫಿಯಲ್ಲಿ ಅದ್ದಿ ತಿನ್ನುತ್ತಾರೆ. ಹೋಟೆಲಿನ ಬೆಳಗಿನ ಉಪಾಹಾರಕ್ಕೆ ಬೇರೆ ಹಣ ಕೇಳಿದರೆ ಕೊಡದೆ, ಬೀದಿಯ ಕಾಫಿ ಅಂಗಡಿಯ ಕೌಂಟರಿನ ಬಳಿ ನಿಂತು ಇದನ್ನು ತಿನ್ನುವುದು ಅಗ್ಗವೂ ರುಚಿಯೂ ಹೌದು. ಮೇಜಿಗೆ ಕುಳಿತರೆ ಅದೇ ಕಾಫಿಗೆ ಹೆಚ್ಚು ದರ ಹಾಕಬಹುದು.

ಪೆಸ್ತೊ ಹುಟ್ಟಿದ್ದು ಇದೇ ಸೀಮೆಯಲ್ಲಿ. ಬೆಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಎರಡು ಬಗೆಯ ಗಟ್ಟಿ ಚೀಸ್ ಸೇರಿಸಿ ಕುಟ್ಟಿದ ಈ ಹಸಿರು ಚಟ್ನಿಯನ್ನು ಬಟಾಟೆ, ಹಸಿ ಬೀನ್ಸ್ ಜೊತೆ ಬೇಯಿಸಿದ ಪಾಸ್ತಾಕ್ಕೆ ಕಲಸಿ ಕೊಡುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಲಿ: ಪಾರ್ಮೆಸಾನ್ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸುತ್ತಾರೆ. ಜೈನ ಮನೆತನದವರಿಗೆ ಬೆಳ್ಳುಳ್ಳಿಯೂ ತೊಡಕು. ತರಕಾರಿ ತುಂಬಿದಂತೆ ಕಾಣುವ 'ತೋರ್ತಾ ಪಸ್ಕ್ವಲೀನಾ' ಒಳಗೆ ಮೊಟ್ಟೆ ಇರುತ್ತದೆ. ಬರೀ 'ವೆಜಿಟೇರಿಯನ್' ಎಂದರೆ ಸಾಲದು; 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ', ಮಾಂಸವೂ ಬೇಡ ಮೀನೂ ಬೇಡ ಎಂದು ಬಿಡಿಸಿ ಹೇಳಬೇಕು. ಖಾನಾವಳಿಯಂಥ ಸಣ್ಣ ಊಟದ ಮನೆಗಳಲ್ಲೂ ಬಿಲ್ಲಿನ ಕೊನೆಗೆ 'ಕೊಪೆರ್ತೊ' ಎಂದು ತಲೆಗಿಷ್ಟು ಸೇರಿಸಿರುವುದು ಕುಳಿತದ್ದಕ್ಕೆ ಹಾಕುವ ವಾಡಿಕೆಯ ಶುಲ್ಕ.

ಹೊರಡುವ ದಿನ

ಕೋಣೆ ಬಿಡುವ ವೇಳೆ ಸಾಮಾನ್ಯವಾಗಿ ಹತ್ತು ಅಥವಾ ಹನ್ನೊಂದು ಗಂಟೆ, ಹಡಗುಗಳು ಹೊರಡುವುದು ಹೆಚ್ಚಾಗಿ ಸಂಜೆ ಅಥವಾ ರಾತ್ರಿ. ನಡುವಿನ ಸಮಯಕ್ಕೆ ಸಾಮಾನನ್ನು ಹೋಟೆಲಿನಲ್ಲೇ ಬಿಡಲು ಬಹುತೇಕ ಒಪ್ಪುತ್ತಾರೆ; ಆದರೆ ಕೌಂಟರ್ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಕೇಳದೆ ಬಿಟ್ಟು ಹೋಗಬೇಡಿ. ಆ ಬಿಡುವಿನಲ್ಲಿ ಪ್ರಿನ್ಚಿಪೆ ನಿಲ್ದಾಣದ ಕೆಳಗೇ ಇರುವ ಕೊಮೆಂಡಾ ದಿ ಪ್ರೆ ನೋಡಬಹುದು. 1180ರಲ್ಲಿ ಕಟ್ಟಿದ ಈ ಕಲ್ಲಿನ ಕಟ್ಟಡ, ಜೆರುಸಲೇಮಿಗೆ ಹಡಗು ಹತ್ತಲು ಬಂದ ಯಾತ್ರಿಕರಿಗೆ ಸಂತ ಯೋಹಾನರ ಪಂಥದವರು ನಡೆಸುತ್ತಿದ್ದ ಧರ್ಮಛತ್ರ ಹಾಗೂ ಆಸ್ಪತ್ರೆಯಾಗಿತ್ತು. ಈಗ ಅದರೊಳಗೆ ಇಟಲಿಯಿಂದ ವಲಸೆ ಹೋದವರ ವಸ್ತುಸಂಗ್ರಹಾಲಯವಿದೆ.

ಬಂದರಿಗೆ ಹೋಗುವ ಮೊದಲು ಟಿಕೆಟಿನಲ್ಲಿ ಯಾವ ಟರ್ಮಿನಲ್ ಎಂದಿದೆ ನೋಡಿಕೊಳ್ಳಿ. ವಿಹಾರ ಹಡಗುಗಳ ಹಳೆಯ ಟರ್ಮಿನಲ್ ಪ್ರಿನ್ಚಿಪೆ ನಿಲ್ದಾಣದಿಂದ ಇಳಿದರೆ ಎದುರಿಗೇ ಇದೆ, ನಡೆದೇ ಹೋಗಬಹುದು. ಸಾರ್ಡೀನಿಯಾ, ಸಿಸಿಲಿ, ಟ್ಯುನಿಸ್ ಕಡೆಯ ಹಡಗುಗಳದ್ದು ಇನ್ನೂ ಪಶ್ಚಿಮಕ್ಕೆ. ನಕ್ಷೆಯಲ್ಲಿ ಹತ್ತಿರ ಕಂಡರೂ ವಾಹನಗಳ ರಸ್ತೆ, ಸೇತುವೆಗಳನ್ನು ಸುತ್ತಿ ಹೋಗಬೇಕಾದ್ದರಿಂದ ಸಾಮಾನಿದ್ದರೆ ಬಸ್ಸು ಅಥವಾ ಟ್ಯಾಕ್ಸಿಯೇ ಸರಿ. ಹಡಗು ಹೊರಡುವ ಸಮಯಕ್ಕಿಂತ ಬಹಳ ಮೊದಲೇ ಹತ್ತಿಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ಆ ಗಡುವು ಟಿಕೆಟಿನಲ್ಲೇ ಮುದ್ರಿತವಾಗಿರುತ್ತದೆ, ಅದಕ್ಕೆ ತಕ್ಕಂತೆ ಹೋಟೆಲಿನಿಂದ ಸಾಮಾನು ಎತ್ತಿಕೊಳ್ಳುವ ವೇಳೆಯನ್ನು ಗೊತ್ತುಮಾಡಿಕೊಳ್ಳಿ.